ಕೊನೆ ಸ್ವಲ್ಪ ಉದ್ದವಾಯಿತು

ಏಪ್ರಿಲ್ ೩

ಪ್ರೀತಿಯ ದೊಡ್ಡತ್ತೆಯವರಿಗೆ,

ನಿಮ್ಮ ಹೊಸ ಸೊಸೆಯ ಮೊದಲ ಕಾಗದ ಇದು. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು ನಾನು. ಕನ್ನಡದಲ್ಲಿ ಇದುವರೆಗೆ ಬರೆದ ಕಾಗದ ಒಂದೇ, ಪರೀಕ್ಷೆಯಲ್ಲಿ ಜ್ವರವೆಂದು ರಜೆ ಕೇಳಿದ್ದು. ಹಾಗಾಗಿ ಕೊನೆಯಲ್ಲಿ 'ತಮ್ಮ ವಿಧೇಯ ವಿದ್ಯಾರ್ಥಿನಿ' ಅಂತ ಬಂದುಬಿಟ್ಟರೆ ನಕ್ಕುಬಿಡಿ.

ಕಾಲುನೋವಿನಿಂದ ನಿಮಗೆ ಮದುವೆಗೆ ಬರಲಾಗಲಿಲ್ಲ ಅಂತ ಇವರು ಹೇಳಿದರು. ಇವರು ಅಂದರೆ ನಿಮ್ಮ ಮೈದುನನ ಮಗ, ನನ್ನ ಗಂಡ. ಹೀಗೆ ಬರೆಯುವಾಗ ಇನ್ನೂ ಕಿವಿ ಬಿಸಿಯಾಗುತ್ತದೆ. ಎದುರಿಗೆ ನಾನು 'ನೀನು' ಅಂತಲೇ ಕರೆಯುವುದು. ಹಿರಿಯರಿಗೆ ಬರೆಯುವಾಗ ಮಾತ್ರ 'ಇವರು' ಅನ್ನಬೇಕಂತೆ, ಅಮ್ಮ ಹೇಳಿಕೊಟ್ಟಿದ್ದಾಳೆ. ಈ ಇವರು ಎಷ್ಟು ಮುದ್ದು ಅಂದರೆ, ಪಕ್ಕದ ಕೋಣೆಯಿಂದ ನಾನು ಏನು ಕೇಳಿದರೂ 'ಮ್' ಅನ್ನುತ್ತಾರೆ. ಟೀ ಬೇಕಾ, ಮ್. ಮನೆಗೆ ಬೆಂಕಿ ಬಿದ್ದಿದೆ, ಮ್.

ವಿಷಯಕ್ಕೆ ಬರುತ್ತೇನೆ. ನೀವು ನಿಮ್ಮ ತಂಗಿಯ ಊರಿಗೆ ಹೋದಮೇಲೆ ಖಾಲಿಯಿದ್ದ ಕೆಳಗಿನ ಮನೆಯಲ್ಲಿ ಈಗ ನಾವಿದ್ದೇವೆ. ಮಹಡಿ ಮಾತ್ರ ದೊಡ್ಡಮಾವ ತೀರಿಕೊಂಡಾಗ ಇದ್ದ ಹಾಗೆಯೇ ಇದೆ. ಜೂನ್ ಕೊನೆಯೊಳಗೆ ಅದನ್ನು ಖಾಲಿ ಮಾಡಿಕೊಡಿ ಅಂತ ಮನೆ ಯಜಮಾನರು ಹೇಳಿದ್ದಾರೆ. ಟೇಪುಗಳನ್ನು ಧ್ವನಿ ಸಂಗ್ರಹಾಲಯ ತೆಗೆದುಕೊಳ್ಳುತ್ತದಂತೆ. ಯಂತ್ರದಿಂದ ಸಂಗೀತ ಹುಟ್ಟಿಸಬಹುದೆಂದು ಈ ಕಡೆ ಮೊದಲು ತೋರಿಸಿದವರೇ ದೊಡ್ಡಮಾವ ಅಂತ ಅಲ್ಲಿಯ ಅಧಿಕಾರಿ ಭಾಷಣವನ್ನೇ ಮಾಡಿದರು. ಆದರೆ ಅವರಿಗೆ ಕೃತಿಗಳು ಮಾತ್ರ ಬೇಕು. ಮನೆಯ ಮಾತುಕತೆ, ಪರೀಕ್ಷೆಗೆ ಹಿಡಿದ ಸದ್ದು ಇದ್ದರೆ ಬೇಡ. ಹಾಗಾಗಿ ಒಂದೊಂದನ್ನೂ ಕೇಳಿ, ಏನಿದೆ ಅಂತ ಪಟ್ಟಿ ಮಾಡಬೇಕು. ನಾನು ಮಾಡ್ತೀನಿ ಅಂದೆ.

"ನಿನಗೆ ಸಂಗೀತ ಗೊತ್ತಾ?" ಅಂದರು ಇವರು.

"ಇದು ಸಂಗೀತ ಅಂತ ನಿನಗೆ ಗೊತ್ತಾ?" ಅಂದೆ.

ಮ್ ಅಂದರು.

ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಆ ಕೋಣೆ ನನಗೆ ತುಂಬಾ ಇಷ್ಟವಾಗಿದೆ. ಮೇಜಿನ ಅಂಚಿನಲ್ಲಿ ಬ್ಲೇಡಿನಿಂದ ಟೇಪು ಕತ್ತರಿಸಿದ ಓರೆ ಗೆರೆಗಳು ಸಾವಿರ ಇವೆ. ಸೂಟ್‌ಕೇಸಿನಷ್ಟು ದೊಡ್ಡ ಮಶೀನು ಇನ್ನೂ ಓಡುತ್ತದೆ. ಸದ್ದು ಬಂದಾಗ ಅದರ ಮುಳ್ಳು ಕುಣಿಯುತ್ತದೆ. ಡಬ್ಬಿಗಳ ಮೇಲೆ ದೊಡ್ಡಮಾವ ಬರೀ ನಂಬರು ಹಾಕಿದ್ದಾರೆ. ನಿಮ್ಮನ್ನು ಬಿಟ್ಟರೆ ಕೇಳಲು ನನಗೆ ಯಾರೂ ಇಲ್ಲ. ಫೋನು ಮಾಡಲೇ?

ತಮ್ಮ ವಿಧೇಯ (ನೋಡಿ, ಬಂತು)
ಸೊಸೆ


ಏಪ್ರಿಲ್ ೧೧

ಮಗೂ,

ನಿನ್ನ ಕಾಗದ ನಾನು ಎರಡು ಸಲ ಓದಿದೆ. ತಂಗಿ ಒಂದು ಸಲ ಓದಿ, "ಈ ಹುಡುಗಿ ಉಸಿರು ಯಾವಾಗ ತಗೊಳ್ತಾಳೆ?" ಅಂದಳು.

ಫೋನು ಬೇಡ. ಬರೆದು ಕೇಳು, ಬರೆದು ಹೇಳುತ್ತೇನೆ.

ನನಗೆ ಸಂಗೀತದ ವಿಷಯ ಏನೂ ತಿಳಿಯದು. ಅವರು ರೇಡಿಯೋ ಕಚೇರಿಯಿಂದ ಬಂದು ಮೆಟ್ಟಿಲು ಹತ್ತಿದರೆ ಊಟಕ್ಕೆ ಇಳಿಯುತ್ತಿದ್ದರು, ಮತ್ತೆ ಹತ್ತುತ್ತಿದ್ದರು. ಮೇಲೆ ಏನಾಗುತ್ತಿತ್ತು ಅನ್ನುವುದಕ್ಕಿಂತ ಕೆಳಗೆ ಏನು ಆರಿಹೋಗುತ್ತಿತ್ತು ಅನ್ನುವುದೇ ನನಗೆ ಚೆನ್ನಾಗಿ ಗೊತ್ತು.

ನನ್ನದೊಂದು ಕೋರಿಕೆ ಇದೆ. ಮದುವೆಯಾದ ವರ್ಷ ಅವರು, "ನಿನಗೋಸ್ಕರ ಒಂದು ಮಾಡ್ತಿದ್ದೀನಿ, ಮುಗಿದ ಮೇಲೆ ಕೇಳಿಸ್ತೀನಿ" ಅಂದಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ. ಕೇಳಿ ಹೇಳಿಸಿಕೊಳ್ಳಬಾರದು ಅಂತ ನಾನೂ ಬಿಗಿದುಕೊಂಡೆ. ಮುಗಿಯಿತೋ, ಶುರುವೇ ಆಗಲಿಲ್ಲವೋ, ಮರೆತರೋ. ಆ ರಾಶಿಯಲ್ಲಿ ಅದು ಇದೆಯೋ ಇಲ್ಲವೋ ತಿಳಿದರೆ ನನಗೆ ಸಾಕು.

ಇನ್ನೊಂದು. ಒಂದೊಂದು ಟೇಪೂ ಕೇಳಲು ಹೇಗಿದೆ ಅಂತ ನನಗೆ ಬರಿ. ಚಿಕ್ಕದು ಮಾಡಬೇಡ. ನಿನಗೆ ಬರುವ ಹಾಗೆ, ಉಸಿರು ತಗೊಳ್ಳದೆ ಬರಿ.

ನಿನ್ನ ದೊಡ್ಡತ್ತೆ


ಏಪ್ರಿಲ್ ೨೪

ಪ್ರೀತಿಯ ದೊಡ್ಡತ್ತೆ,

ನಿಮ್ಮ ಕಾಗದ ಓದಿ ಅತ್ತೇಬಿಟ್ಟೆ. "ನಿನಗೋಸ್ಕರ ಒಂದು ಮಾಡ್ತಿದ್ದೀನಿ." ಇವರು ನನಗೋಸ್ಕರ ಇದುವರೆಗೆ ಮಾಡಿದ್ದು ಒಂದು ಮೊಳೆ ಹೊಡೆದದ್ದು. ಹುಡುಕಿಯೇ ಹುಡುಕುತ್ತೇನೆ. ಅದು ಸಿಗದೆ ಮಹಡಿಯ ಬೀಗದ ಕೈ ಯಜಮಾನರಿಗೆ ಕೊಡುವುದಿಲ್ಲ.

ಕೆಲಸ ಹೀಗೆ. ಡಬ್ಬಿ ತೆಗೆಯುತ್ತೇನೆ. ಟೇಪಿನ ತುದಿಗೆ ಒಂದು ಗೇಣು ಕೆಂಪು ಪಟ್ಟಿ ಅಂಟಿಸಿರುತ್ತಾರೆ. ಅದನ್ನು ಮಶೀನಿಗೆ ಸಿಕ್ಕಿಸಿ ಕೇಳುತ್ತೇನೆ, ಕ್ಯಾಸೆಟ್ಟಿಗೆ ಒಂದು ನಕಲು ಇಳಿಸಿಕೊಳ್ಳುತ್ತೇನೆ. ಎಲ್ಲ ಓಡಿ ಮುಗಿದಾಗ ಒಳತುದಿಯಲ್ಲಿ ಹಸಿರು ಪಟ್ಟಿ ಬರುತ್ತದೆ. ಆಮೇಲೆ ಒಳ್ಳೆಯ ಹುಡುಗಿಯ ಹಾಗೆ ಮೊದಲಿದ್ದಂತೆಯೇ ಸುತ್ತಿ ಡಬ್ಬಿಗೆ ಹಾಕುತ್ತೇನೆ.

ಒಂದನೆಯದು: ಎಲ್ಲೋ ತುಂಬಾ ದೂರದಲ್ಲಿ ಯಾರೋ ಕೊಡಕ್ಕೆ ನೀರು ಬಿಡುತ್ತಿದ್ದಾರೆ. ತುಂಬುತ್ತದೆ, ತುಂಬುತ್ತದೆ, ಇನ್ನೇನು ಉಕ್ಕಬೇಕು ಅನ್ನುವಾಗ ತಟಕ್ಕನೆ ಏನೂ ಇಲ್ಲ. ಕೊಡವೂ ಇಲ್ಲ, ನೀರೂ ಇಲ್ಲ. ನನಗೆ ಮೆಟ್ಟಿಲಿದೆ ಅಂತ ಕಾಲಿಟ್ಟು ತಪ್ಪಿದ ಹಾಗಾಯಿತು.

ನಾಲ್ಕನೆಯದು: ನೂರು ಜೀರುಂಡೆಗಳು ಗುಸುಗುಸು ಅನ್ನುತ್ತಾ ಹತ್ತಿರ ಬಂದು, ಒಂದೇ ಒಂದು ಕಬ್ಬಿಣದ ಜೀರುಂಡೆಯಾಗಿ, ನಿಲ್ಲುತ್ತವೆ.

ಒಂಬತ್ತನೆಯದು: ಸದ್ದೇ ಉಸಿರು ಒಳಗೆ ಎಳೆದುಕೊಳ್ಳುತ್ತದೆ. ಹೊರಗೆ ಬಿಡುವುದೇ ಇಲ್ಲ. ಕೇಳಿ ಮುಗಿಸಿ ನಾನೇ ಬಿಟ್ಟೆ.

ಕೊನೆಯ ಕಪಾಟಿನಲ್ಲಿರುವ, ದೊಡ್ಡಮಾವ ವಯಸ್ಸಾದ ಮೇಲೆ ಮಾಡಿದ ಟೇಪುಗಳು ಇನ್ನೂ ವಿಚಿತ್ರ. ಅವು ಧಡಕ್ಕನೆ ನಡುವಿನಿಂದಲೇ ಶುರುವಾಗುತ್ತವೆ, ಬಾಗಿಲು ತೆರೆದರೆ ಒಳಗೆ ಜಗಳ ಅರ್ಧ ಮುಗಿದಿರುವ ಹಾಗೆ. ನಕಲುಗಳನ್ನು ಕೇಳಿ ಸಂಗ್ರಹಾಲಯದ ಸರ್ ಬೆರಗಾಗಿದ್ದಾರೆ. 'ಆರಂಭವನ್ನೇ ನಿರಾಕರಿಸಿದ ಕೊನೆಯ ಘಟ್ಟ' ಅಂತ ಲೇಖನ ಬರೆಯುತ್ತಾರಂತೆ. ನನ್ನ ಪಟ್ಟಿ ನೋಡಿ ಮಾತ್ರ ಹುಬ್ಬು ಗಂಟಿಕ್ಕಿದರು. "ಜೀರುಂಡೆ, ಕೊಡ ಎಲ್ಲ ಬೇಡಮ್ಮ. 'ಏರುವ ಸ್ವರ, ಹಠಾತ್ ನಿಲುಗಡೆ.' ಅಷ್ಟು ಸಾಕು." ಆಯಿತು ಸರ್ ಅಂದೆ. ಜೀರುಂಡೆಗಳೆಲ್ಲ ನಿಮಗೆ.

ಒಂಬತ್ತನೆಯದರ ಕ್ಯಾಸೆಟ್ ಕಳಿಸುತ್ತಿದ್ದೇನೆ. ಕೇಳಿ ಏನನ್ನಿಸಿತು ಅಂತ ಖಂಡಿತ ಬರೆಯಿರಿ.

ಸೊಸೆ


ಮೇ ೨

ಮಗೂ,

ಕ್ಯಾಸೆಟ್ ಬಂತು. ಹತ್ತಿ ಸುತ್ತಿ ಚೆನ್ನಾಗಿ ಕಟ್ಟಿದ್ದೀಯ.

ಒಂಬತ್ತನೆಯದರ ಬಗ್ಗೆ ನೀನು ಬರೆದದ್ದು ಬಹಳ ಹಿಡಿಸಿತು. ಕೊಡದ್ದೂ ಚೆನ್ನಾಗಿದೆ. ಆದರೆ ಎಲ್ಲದರಲ್ಲೂ ಸದ್ದು ತಟಕ್ಕನೆ ನಿಲ್ಲುತ್ತದಲ್ಲ, ಅವರ ಸ್ವಭಾವ ಅದಲ್ಲ. ಯಾವ ಮಾತನ್ನೂ ಅವರು ಎಳೆಯದೆ ಬಿಟ್ಟವರಲ್ಲ. ಯಾಕೋ ತಿಳಿಯುತ್ತಿಲ್ಲ.

ನನ್ನದು ಸಿಕ್ಕಿತೇ?

ದೊಡ್ಡತ್ತೆ


ಮೇ ೧೦

ದೊಡ್ಡತ್ತೆಯವರಿಗೆ,

ಈ ವಾರ ಕೆಲಸ ಜಾಸ್ತಿ. ಚಿಕ್ಕದಾಗಿ ಬರೆಯುತ್ತಿದ್ದೇನೆ.

ಹದಿನಾಲ್ಕು: ಗಾಜಿನ ಮೇಲೆ ಬೆರಳು. ಹದಿನೈದು: ದೊಡ್ಡ ಗಡಿಯಾರ ತನ್ನ ಗಂಟೆಯನ್ನು ನುಂಗುತ್ತದೆ. ಹದಿನಾರು: ಗುಡುಗು ಮೋಡದ ಒಳಗೆ ವಾಪಸ್ಸು ಹೋಗುತ್ತದೆ. ಹದಿನೆಂಟು: ಏನೂ ಇಲ್ಲ, ಬರೀ ಸುಯ್. ಹತ್ತೊಂಬತ್ತು: ಮತ್ತೆ ಜೀರುಂಡೆ.

ನಿಮ್ಮದು ಇನ್ನೂ ಸಿಕ್ಕಿಲ್ಲ.

ಸುಮ್ಮನೆ ಒಂದು ಪ್ರಶ್ನೆ. ದೊಡ್ಡಮಾವನಿಗೆ ಹೊರದೇಶದವರ ಪರಿಚಯ ಇತ್ತೇ? ಗಾಯಕರು ಯಾರಾದರೂ? ರೇಡಿಯೋ ಕಚೇರಿಗೆ ಬೇರೆ ಭಾಷೆಯವರು ಬಂದುಹೋಗುತ್ತಿದ್ದರೇ? ಪಟ್ಟಿಗೆ ಬೇಕಿತ್ತು, ಅಷ್ಟೆ.

ನೀವು ಬೇಡವೆಂದರೂ ಮನಸ್ಸು ತಡೆಯದೆ ಭಾನುವಾರ ಫೋನು ಮಾಡಿದ್ದೆ. ನಿಮ್ಮ ತಂಗಿ ಎತ್ತಿಕೊಂಡು, "ಅಕ್ಕ ಫೋನಿಗೆಲ್ಲ ಬರಲ್ಲಮ್ಮ" ಅಂದರು. ಹಿಂದೆಯೇ ನೀವು ಯಾರನ್ನೋ ಜೋರಾಗಿ ಬೈಯುತ್ತಿದ್ದದ್ದು ನನಗೆ ಕೇಳಿಸಿತು. ನನ್ನ ಮೇಲೆ ಸಿಟ್ಟೇ?

ಸೊಸೆ


ಮೇ ೧೭

ಮಗೂ,

ಬೈಯುತ್ತಿದ್ದದ್ದು ಬೆಕ್ಕನ್ನು.

ನೀನು ಯಾವ ಭಾಷೆಯಲ್ಲಿ ಲೆಕ್ಕ ಕಲಿತಿದ್ದರೂ ಹದಿನಾರರ ಮುಂದೆ ಹದಿನೇಳೇ ಬರುವುದು. ಹದಿನೇಳರಲ್ಲಿ ಏನಿದೆ?

ಉಸಿರು ತಗೊಳ್ಳದೆ ಬರೆಯುವ ಹುಡುಗಿ ಇದ್ದಕ್ಕಿದ್ದಂತೆ ಉಸಿರು ಬಿಗಿಹಿಡಿದರೆ ನನಗೆ ಗೊತ್ತಾಗುವುದಿಲ್ಲವೇ? ಬರಿ.

ದೊಡ್ಡತ್ತೆ


ಮೇ ೨೩

ದೊಡ್ಡತ್ತೆ,

ಈ ಕಾಗದ ಬರೆಯಬಾರದು ಅಂತ ಇವರು, ಬರೆಯಬೇಕು ಅಂತ ನಾನು. ಮದುವೆಯಾದಮೇಲೆ ನಮ್ಮ ಮೊದಲ ಜಗಳ ನಿಮ್ಮ ಹೆಸರಿನಲ್ಲಿ ಆಯಿತು. "ಸತ್ತವರ ಗುಟ್ಟು ಕೆದಕಿ ನಿನಗೇನಾಗಬೇಕು?" ಅಂದರು. "ಬದುಕಿರುವವರು ಕೇಳ್ತಿದ್ದಾರಲ್ಲ" ಅಂದೆ.

ಹದಿನೇಳನೆಯ ಡಬ್ಬಿ ಎಲ್ಲಕ್ಕಿಂತ ದಪ್ಪ. ಅದೊಂದರ ಮೇಲೆ ಮಾತ್ರ ನಂಬರಿನ ಜೊತೆ ಬರಹವಿದೆ. 'ಅವಳಿಗೆ' ಅಂತ. ಟೇಪಿನ ತುದಿಗೆ ಬಣ್ಣದ ಪಟ್ಟಿ ಇಲ್ಲ. ಗೇಣಿಗೊಂದು ಅಂಟು. ವರ್ಷಗಟ್ಟಲೆ ಚೂರು ಚೂರು ಕೂಡಿಸುತ್ತಾ ಬಂದದ್ದು ನೋಡಿದರೇ ತಿಳಿಯುತ್ತದೆ.

ಮೊದಲು, ಯಾರೋ ಮರದ ಮೆಟ್ಟಿಲು ಹತ್ತಿ ಬರುವ ಸದ್ದು. ಕುರ್ಚಿ ಕಿರ್ರೆನ್ನುತ್ತದೆ. ಆಮೇಲೆ ಗಂಡು ದನಿ, ತೀರಾ ಹತ್ತಿರದಿಂದ, ಒಂದೇ ಪದ. ಅದರ ಬೆನ್ನಿಗೇ ದೂರದಿಂದ ಒಬ್ಬ ಹೆಂಗಸು. ಅವನು, ಅವಳು, ಅವನು, ಅವಳು. ಹಾಡು ಅನ್ನಲಾಗದು, ಮಾತು ಅನ್ನಲೂ ಆಗದು. ಯಾವ ಭಾಷೆಯೋ ನನಗೆ ತಿಳಿಯಲಿಲ್ಲ. ಶುರುವಿನಲ್ಲಿ ಅವಳ ದನಿಗೆ ವಯಸ್ಸಾಗಿದೆ. ಹೋಗುತ್ತಾ ಹೋಗುತ್ತಾ ಎಳೆಯದಾಗುತ್ತದೆ. ನಡುವೆ ಎಲ್ಲೋ ಅವನು ಸುಮ್ಮನಾಗಿಬಿಡುತ್ತಾನೆ. ಅವಳೊಬ್ಬಳೇ, ಬೇಡುತ್ತಾಳೋ ಶಪಿಸುತ್ತಾಳೋ, ಇಷ್ಟಿಷ್ಟೇ ಹುಡುಗಿಯಾಗುತ್ತಾ, ಕೊನೆಗೆ ಒಂದು ಪುಟ್ಟ ಉಸಿರಿನಲ್ಲಿ ಮುಗಿಯುತ್ತದೆ. ಇಷ್ಟು ಚಂದದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅದಕ್ಕೇ ನಿಮಗೆ ಬರೆಯದೆ ಹದಿನಾರರಿಂದ ಹದಿನೆಂಟಕ್ಕೆ ಹಾರಿದ್ದೆ.

ನನ್ನ ಲೆಕ್ಕ ಇಷ್ಟು: ಅವಳು ಯಾರೋ ಇದ್ದಳು, ನಿಮ್ಮ ಮುಖ ನೋಡಿ ದೊಡ್ಡಮಾವ ಅವಳನ್ನು ಬಿಟ್ಟರು, ಅದಕ್ಕೇ ನಡುವೆ ಅವರ ದನಿ ನಿಂತಿತು. ಸಂಗ್ರಹಾಲಯದ ಸರ್ ನಕಲು ಕೇಳಿ ಕಣ್ಣು ಒರೆಸಿಕೊಂಡರು. ದೊಡ್ಡಮಾವನ ಅತಿ ದೊಡ್ಡ ಕೃತಿ ಇದೇ ಅನ್ನುತ್ತಾರೆ. ನೀವು ಬೇಡವೆಂದರೆ ನಾನು ಅದನ್ನು ಕೊಡುವುದಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಒಂಬತ್ತನೆಯದರ ಕ್ಯಾಸೆಟ್ ಬಗ್ಗೆ ನೀವು ಹತ್ತಿ ಚೆನ್ನಾಗಿ ಸುತ್ತಿದ್ದೀಯ ಅಂತ ಬರೆದಿರಿ. ಕೇಳಲೇ ಇಲ್ಲ ಅಲ್ಲವೇ? ಅವರ ಮೇಲೆ ಅಷ್ಟು ಕೋಪವಿದ್ದರೆ ನನ್ನಿಂದ ಯಾಕೆ ಬರೆಸುತ್ತೀರಿ? ನನಗೆ ಏನೂ ಅರ್ಥವಾಗುತ್ತಿಲ್ಲ.

ಸೊಸೆ


ಮೇ ೩೦

ಮಗೂ,

ಮೊದಲು ಊಟ ಮಾಡಿ, ಗಂಡನ ಜೊತೆ ರಾಜಿಯಾಗಿ, ಆಮೇಲೆ ಇದನ್ನು ಓದು.

ಕ್ಯಾಸೆಟ್ ಕೇಳಲಿಲ್ಲ, ಯಾಕೆಂದರೆ ನನಗೆ ಕಿವಿ ಕೇಳಿಸುವುದಿಲ್ಲ. ಎಡಗಿವಿ ಮೊದಲು ಹೋಯಿತು, ಆಮೇಲೆ ಬಲಗಿವಿ. ಇದು ಈಚಿನದಲ್ಲ. ಅವರಿದ್ದಾಗಲೇ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುವುದು ಅಭ್ಯಾಸವಾಗಿತ್ತು, ಅವರಿಗೆ ಹೇಳಲಿಲ್ಲ. ಸದ್ದೇ ಉಸಿರಾದ ಮನುಷ್ಯನಿಗೆ ಹೆಂಡತಿ ಕಿವುಡಿ ಅಂತ ಹೇಳುವುದು ಹೇಗೆ? ಮದುವೆಗೆ ಬರದಿದ್ದದ್ದೂ ಕಾಲಿನಿಂದಲ್ಲ. ಗುಂಪಿನಲ್ಲಿ ಯಾರ ತುಟಿ ಅಂತ ನೋಡುವುದು?

ವಯಸ್ಸಾದ ಮೇಲೆ ಅವರಿಗೆ ಹೊಸ ಚಾಳಿ ಹತ್ತಿತು. ಏನು ಮಾಡಿ ಮುಗಿಸಿದರೂ ನನ್ನನ್ನು ಮೇಲೆ ಕರೆದು, ಕೂರಿಸಿ, ಕೇಳಿಸಿ, "ಹೇಗಿದೆ?" ಅನ್ನುವುದು. ನಾನು ಮಶೀನಿನ ಮುಳ್ಳನ್ನೇ ನೋಡುತ್ತಾ ಕೂರುತ್ತಿದ್ದೆ. ಟೇಪು ಮುಗಿಯುವ ಹೊತ್ತಿಗೆ ಅದು ಬೀಳದೆ ಏಳದೆ ಬಹಳ ಹೊತ್ತು ನಡುಗುತ್ತಿತ್ತು. "ಚೆನ್ನಾಗಿದೆ, ಕೊನೆ ಸ್ವಲ್ಪ ಉದ್ದವಾಯ್ತು" ಅನ್ನುತ್ತಿದ್ದೆ. ಅವರು ಎದ್ದು ಬ್ಲೇಡು ತಗೊಂಡು ಕೊನೆ ಕತ್ತರಿಸುತ್ತಿದ್ದರು. ಪ್ರತಿ ಸಲವೂ. ನಿನ್ನ ಸರ್ ಲೇಖನ ಬರೆಯುವ ಮೊದಲು ಇದನ್ನು ಹೇಗಾದರೂ ತಿಳಿಸು, ಪಾಪ.

ಈಗ ನಿನ್ನ ವಿಷಯ. ನಾನು ಕತ್ತರಿಸುವಂತೆ ಮಾಡಿದ್ದು ಕೊನೆಗಳನ್ನು. ನೀನು ಬರೆಯುವುದು ಶುರುವೇ ಇಲ್ಲ ಅಂತ. ಯಾವ ಟೇಪಿನಲ್ಲೂ ಸದ್ದು ಮೆಲ್ಲಗೆ ತುಂಬಿ ತಟಕ್ಕನೆ ನಿಲ್ಲುತ್ತದೆ ಅನ್ನುತ್ತೀಯ. ತಟ್ಟೆ ಬಿದ್ದರೆ ಮೊದಲು ಠಣ್ ಅನ್ನುತ್ತದೆ, ಆಮೇಲೆ ಗುಂಯ್ ಅಂತ ಕರಗುತ್ತದೆ. ಮೊದಲು ಗುಂಯ್ ಅಂದು ಆಮೇಲೆ ಠಣ್ ಅನ್ನುವ ತಟ್ಟೆ ಯಾವ ಅಂಗಡಿಯಲ್ಲೂ ಸಿಗದು. ಹುಡುಗೀ, ನೀನು ಎಲ್ಲವನ್ನೂ ಹಿಂದುಮುಂದಾಗಿ ಕೇಳುತ್ತಿದ್ದೀಯ.

ಅವರು ಕೇಳಿ ಮುಗಿಸಿದ ಟೇಪನ್ನು ಸುತ್ತಿ ಇಡುತ್ತಿರಲಿಲ್ಲ. ಕೊನೆಯನ್ನೇ ಹೊರಗೆ ಬಿಟ್ಟು ಡಬ್ಬಿಗೆ ಹಾಕುತ್ತಿದ್ದರು. ವರ್ಷಗಟ್ಟಲೆ ಸುಮ್ಮನಿದ್ದರೆ ಒಂದು ಸುತ್ತಿನ ಸದ್ದು ಪಕ್ಕದ ಸುತ್ತಿಗೆ ಅಂಟುತ್ತದಂತೆ. ಹೀಗಿಟ್ಟರೆ ಆ ನೆರಳು ಸದ್ದಿನ ಹಿಂದೆ ಬರುತ್ತದೆ, ಸದ್ದಿಗಿಂತ ಮೊದಲೇ ಬಂದು ಗುಟ್ಟು ಬಿಡುವುದಿಲ್ಲ ಅನ್ನುತ್ತಿದ್ದರು. ಒಮ್ಮೆ ನಾನು ಧೂಳು ಹೊಡೆಯುವಾಗ ಉಪಕಾರವಾಗಲಿ ಅಂತ ನಾಲ್ಕು ಟೇಪು ಸುತ್ತಿಟ್ಟು, ವಾರವಿಡೀ ಮಂಗಳಾರತಿ ಮಾಡಿಸಿಕೊಂಡಿದ್ದೆ. ಕೆಂಪು ಅಂದರೆ ಕೊನೆ. ಹಸಿರು ಅಂದರೆ ಶುರು.

ಹದಿನೇಳನ್ನು ತಿರುಗಿಸಿ ಕೇಳು. ಆ ಹೆಂಗಸಿನ ಭಾಷೆ ಯಾವುದು ಅಂತ ಆಮೇಲೆ ನನಗೆ ಹೇಳು.

ದೊಡ್ಡತ್ತೆ


ಜೂನ್ ೫

ದೊಡ್ಡತ್ತೆ, ದೊಡ್ಡತ್ತೆ,

ಮೊದಲು ಒಂದನೆಯದನ್ನು ತಿರುಗಿಸಿದೆ. ಠಣ್. ಆಮೇಲೆ ಗುಂಯ್. ಕೊಡ ತುಂಬುತ್ತಿರಲಿಲ್ಲ, ಬಿದ್ದು ಉರುಳುತ್ತಿತ್ತು. ಇಷ್ಟು ದಿನ ನಾನು ಬರೆದ ಜೀರುಂಡೆಗಳೆಲ್ಲ ಬೆನ್ನು ಮುಂದಾಗಿ ನಡೆದಿವೆ. ನಾಚಿಕೆಯಿಂದ ಅರ್ಧ ದಿನ ಮೆಟ್ಟಿಲ ಮೇಲೆ ಕೂತಿದ್ದೆ. ಇವರು ಬಂದು ಪಕ್ಕದಲ್ಲಿ ಕೂತು, "ಸಂಗ್ರಹಾಲಯದವರಿಗೂ ಗೊತ್ತಾಗ್ಲಿಲ್ವಲ್ಲ, ಬಿಡು" ಅಂದರು. ಜಗಳ ಮುಗಿಯಿತು.

ಆಮೇಲೆ ಹದಿನೇಳು. ಮಶೀನು ಒತ್ತಿದೆ. ಒಂದು ಪುಟ್ಟ ಉಸಿರು. ಅದರ ಹಿಂದೆಯೇ, ಮೆಟ್ಟಿಲ ಕೆಳಗಿನಿಂದ, ನನಗಿಂತ ಚಿಕ್ಕವಳ ದನಿ:

"ಏನೂಂದ್ರೆ... ಊಟಕ್ಕೆ ಬನ್ನಿ."

ನೀವು. ಯಾವ ಭಾಷೆ ಅಂತ ಕೇಳಿದಿರಲ್ಲ, ಕನ್ನಡ.

ಆಮೇಲೆ ಬರೀ ಮೌನ. ಮತ್ತೆ ನೀವು. "ಬಡಿಸಿದ್ದೀನಿ." ಮೌನ. "ಆರಿಹೋಗ್ತಿದೆ." ಮೌನ. "ಬರ್ತೀರೋ, ನಾನೇ ಮೇಲೆ ಬರ್ಲೋ?" ವರ್ಷಗಳು ಹೋಗುತ್ತವೆ, ನಿಮ್ಮ ದನಿ ದಪ್ಪವಾಗುತ್ತದೆ, 'ಏನೂಂದ್ರೆ' ಬಿಟ್ಟುಹೋಗಿ ಬರೀ 'ರೀ' ಉಳಿಯುತ್ತದೆ. "ರೀ, ನಾನು ಉಂಡೆ, ನೀವು ಬೇಕಾದ್ರೆ ಉಣ್ಣಿ." ಒಂದು ಕಡೆ ನೀವು ಏನೂ ಹೇಳುವುದಿಲ್ಲ, ಲೋಟವನ್ನು ಮೆಟ್ಟಿಲಿಗೆ ಕುಟ್ಟುತ್ತೀರಿ, ಅಷ್ಟೆ. ಅದನ್ನೂ ಇಟ್ಟುಕೊಂಡಿದ್ದಾರೆ.

ಅವರು ಒಂದು ಸಲವೂ ಓಗೊಡುವುದಿಲ್ಲ. ನಡುವಿನವರೆಗೆ.

ಆಮೇಲೆ ಇದ್ದಕ್ಕಿದ್ದ ಹಾಗೆ, ಮೈಕಿನ ಹತ್ತಿರವೇ, ದೊಡ್ಡಮಾವನ ದನಿ: "ಬಂದೆ." ಅಲ್ಲಿಂದ ಮುಂದೆ ನೀವು ಕರೆದಾಗಲೆಲ್ಲ ಅವರು ಬಂದೆ ಅನ್ನುತ್ತಾರೆ. ನೀವು ಮಾತ್ರ ಏನೂ ಆಗದವರ ಹಾಗೆ ಮತ್ತೆ ಕೂಗುತ್ತೀರಿ. "ರೀ." "ಬಂದೆ." "ರೀ, ಎಷ್ಟು ಸಲ ಕರೀಬೇಕು?" "ಬಂದೆ ಕಣೆ." "ಕಿವಿ ಕೇಳಿಸಲ್ವಾ ನಿಮಗೆ?" ಇಲ್ಲಿ ಅವರು ಸಣ್ಣಗೆ ನಗುತ್ತಾರೆ. "ಬಂದೆ, ಬಂದೆ." ಕುರ್ಚಿ ಕಿರ್ರೆನ್ನುತ್ತದೆ. ಮೆಟ್ಟಿಲು ಇಳಿದು ಹೋಗುವ ಸದ್ದು. ಮುಗಿಯಿತು.

ಇದೇ ನಿಮ್ಮ ಟೇಪು, ದೊಡ್ಡತ್ತೆ. ಇಷ್ಟು ಪ್ರೀತಿಯನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

ಈಗ ತೊಡಕು. ಉಳಿದ ಟೇಪುಗಳನ್ನು ಸರಿದಿಕ್ಕಿಗೆ ತಿರುಗಿಸಿಯೇ ಸಂಗ್ರಹಾಲಯದ ಸರ್‌ಗೆ ಕೇಳಿಸಿದೆ. ಅವರು ಲೇಖನ ಹರಿದುಹಾಕಿದರು. ಆದರೆ ಹದಿನೇಳನ್ನು ಬಿಡಲೊಲ್ಲರು. "ಹಿಂದುಮುಂದಾಗಿ ಕೇಳಿದರೆ ಮಹಾಕೃತಿ. ನೇರವಾಗಿ ಕೇಳಿದರೆ ಮನೆಯ ಮಾತುಕತೆ, ನಿಯಮದ ಪ್ರಕಾರ ನಾವು ಇಡೋ ಹಾಗಿಲ್ಲ" ಅಂದರು. ತುದಿಗಳಿಗೆ ಬಣ್ಣವೇ ಇಲ್ಲವಲ್ಲ, ದೊಡ್ಡಮಾವನ ಮನಸ್ಸಿನಲ್ಲಿ ಯಾವ ದಿಕ್ಕಿತ್ತು ಅಂತ ಯಾರೂ ಹೇಳಲಾರರು. ಮನೆಯವರು ಬರೆದುಕೊಟ್ಟರೆ ಸಾಕಂತೆ. ಹಿಂದುಮುಂದು ಅಂದರೆ ಅದು ಅಲ್ಲಿ ನೂರು ವರ್ಷ ಉಳಿಯುತ್ತದೆ. ನೇರ ಅಂದರೆ ವಾಪಸ್ಸು.

ಏನು ಬರೆಯಲಿ?

ಸೊಸೆ


ಜೂನ್ ೧೧

ಮಗೂ,

ಹಾಗಾದರೆ ಅವರಿಗೆ ಕೇಳಿಸುತ್ತಿತ್ತು.

ಇವತ್ತಿಗೆ ಇಷ್ಟೇ.


ಜೂನ್ ೧೫

ದೊಡ್ಡತ್ತೆ,

ನಿಮ್ಮ ಒಂದು ಸಾಲಿನ ಕಾಗದವನ್ನು ತಿರುಗಿಸಿ ಹಿಂದುಗಡೆಯೂ ನೋಡಿದೆ. ನಿಮಗೆ ಸಂತೋಷವಾಗುತ್ತದೆ ಅಂದುಕೊಂಡಿದ್ದೆ. ನಾನು ಏನಾದರೂ ತಪ್ಪು ಬರೆದೆನೇ? ಇವರನ್ನು ಕೇಳಿದೆ. ಪಕ್ಕದ ಕೋಣೆಯಿಂದ ಮ್ ಅಂದರು. ಮೊದಲ ಸಲ ಆ ಮ್ ಕೇಳಿ ನನಗೆ ರೇಗಿತು. ಹೋಗಿ ಎದುರಿಗೆ ನಿಂತೆ. "ಕೇಳಿಸ್ತು, ಯೋಚನೆ ಮಾಡ್ತಿದ್ದೆ" ಅಂದರು. "ಯೋಚನೆ ಮಾಡ್ತಿದ್ದೀನಿ ಅಂತಾದ್ರೂ ಕೂಗು" ಅಂದೆ.

ಈಗ ನಿಮ್ಮ ಕಾಗದ ಸ್ವಲ್ಪ ಅರ್ಥವಾಗುತ್ತಿದೆ ಅನ್ನಿಸುತ್ತದೆ. ಸ್ವಲ್ಪವೇ.

ಸೊಸೆ


ಜೂನ್ ೧೯

ಮಗೂ,

ತಪ್ಪು ನಿನ್ನದಲ್ಲ.

ಅವರು ಊಟಕ್ಕೆ ಇಳಿದು ಬಂದು ದಿನವೂ, "ಕರೆದ್ಯಾ?" ಅನ್ನುತ್ತಿದ್ದರು. ಏನೂ ಅರಿಯದ ಮಗುವಿನ ಹಾಗೆ. ನಾನು ನಂಬಿದೆ. ಮಂದಗಿವಿ ಅಂತ ಊರಿಗೆಲ್ಲ ಹೇಳಿದೆ. ಪಾಪ ಅಂತ ಇನ್ನೂ ಜೋರಾಗಿ ಕೂಗಿದೆ. ಮನುಷ್ಯ ಮೇಲೆ ಮಶೀನು ಹಾಕಿಕೊಂಡು ಕೂತಿದ್ದ. ನನ್ನ ಗಂಟಲು ಹೋಯಿತು, ಬಿಸಿ ಮಾಡಿ ಮಾಡಿ ಪಾತ್ರೆಗಳ ತಳ ಹೋಯಿತು. ನೀನು ಅದನ್ನು ಪ್ರೀತಿ ಅನ್ನುತ್ತೀಯ. ಇರಬಹುದು. ಅವರು ಎದುರಿಗಿದ್ದಿದ್ದರೆ ಮೊದಲು ನಾಲ್ಕು ಮಾತು ಅಂದು ಆಮೇಲೆ ಒಪ್ಪುತ್ತಿದ್ದೆ. ಈಗ ಯಾರಿಗೆ ಅನ್ನಲಿ? ಬೆಕ್ಕಿಗೆ ಅಂದೆ.

ಬೈದು ಮುಗಿದ ಮೇಲೆ ನಿನ್ನ ಕಾಗದ ತೆಗೆದು, ಅವರು ಬಂದೆ ಅನ್ನಲು ಶುರುಮಾಡಿದ ಕಡೆಯಿಂದ ಮತ್ತೆ ಓದಿದೆ. ಅವರು ಉತ್ತರ ಕೊಡಲು ಶುರುಮಾಡಿದ್ದು ನನಗೆ ಕೇಳಿಸದೆ ಹೋದಮೇಲೆ. ಆ ಬಂದೆ ನನ್ನ ಕಿವಿಗೆ ಯಾವತ್ತೂ ಬೀಳಲಿಲ್ಲ. ಅವರ ಬಾಯಲ್ಲಿ ಆ ಮಾತು ಮೇಲಿಂದ ಬಂತು ಅಂತ ಗೊತ್ತಾದದ್ದು ನಿನ್ನ ಅಕ್ಷರದಲ್ಲಿ. ನನ್ನ ಕಿವಿಯ ವಿಷಯ ಅವರಿಗೆ ತಿಳಿದಿತ್ತೇ? ತಿಳಿದೇ ನಕ್ಕರೇ? ತಿಳಿದಿದ್ದರೆ "ಹೇಗಿದೆ" ಅಂತ ಯಾಕೆ ಕೇಳುತ್ತಿದ್ದರು, ನಾನು ಅಂದದ್ದಕ್ಕೆ ಕೊನೆ ಯಾಕೆ ಕತ್ತರಿಸುತ್ತಿದ್ದರು? ತಿಳಿದಿಲ್ಲದಿದ್ದರೆ ಅಷ್ಟು ವರ್ಷ ಸುಮ್ಮನಿದ್ದವರು ಬಂದೆ ಅನ್ನಲು ಯಾಕೆ ಶುರುಮಾಡಿದರು? ಎರಡು ಕಡೆಯಿಂದಲೂ ಯೋಚಿಸಿ ತಲೆ ಕೆಟ್ಟಿದೆ. ನಿನ್ನ ಟೇಪಿನ ಹಾಗೆಯೇ, ಯಾವ ತುದಿಗೂ ಬಣ್ಣವಿಲ್ಲ.

ದಿಕ್ಕಿನ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಹಿಂದುಮುಂದಾದರೆ ಅವರು ಶುರುವಿನಲ್ಲಿದ್ದು ನನ್ನನ್ನು ಬಿಟ್ಟುಹೋಗುತ್ತಾರೆ. ನೇರವಾದರೆ ತಡವಾಗಿಯಾದರೂ ಬರುತ್ತಾರೆ. ನೂರು ವರ್ಷ ಬಿಟ್ಟುಹೋಗುವುದಕ್ಕಿಂತ ಒಂದು ಸಲ ಬರಲಿ. ನೇರ ಅಂತ ಬರೆದುಕೊಡು. ವಾಪಸ್ಸು ಬಂದರೆ ನನಗೆ ಕಳಿಸು. ಕೇಳಿಸದವಳಿಗೆ ಟೇಪು ಯಾಕೆ ಅಂತ ನಿನ್ನ ಸರ್ ಕೇಳಿದರೆ, ಕೊನೆಯಲ್ಲಿ ಇಳಿದದ್ದು ನನ್ನ ಮನೆಗೆ ಅಂತ ಹೇಳು.

ದೊಡ್ಡತ್ತೆ


ಜೂನ್ ೨೬

ದೊಡ್ಡತ್ತೆ,

ಮಹಡಿ ಖಾಲಿಯಾಯಿತು. ಉಳಿದವೆಲ್ಲ ಸಂಗ್ರಹಾಲಯಕ್ಕೆ ಹೋದವು. ಕೊನೆಯ ಕಪಾಟಿನ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ತುಂಬ ಟೇಪಿನ ತುಂಡುಗಳು, ಒಂದೊಂದಕ್ಕೂ ನಂಬರು. ನಿಮ್ಮ ಮಾತಿಗೆ ದೊಡ್ಡಮಾವ ಕತ್ತರಿಸಿದ ಕೊನೆಗಳು. ಒಂದನ್ನೂ ಎಸೆದಿಲ್ಲ. ಸರ್ ಅವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದರು. ಹದಿನೇಳನ್ನು ವಾಪಸ್ಸು ಕೊಟ್ಟರು. ನನ್ನ ಪಟ್ಟಿಯಲ್ಲಿ ಆ ಸಾಲು ಹೊಡೆದುಹಾಕಿದ್ದಾರೆ. ಆದರೂ ಏನು ಬರೆದಿದ್ದೆ ಅಂತ ನಿಮಗೆ ಹೇಳಬೇಕು: 'ಹದಿನೇಳು. ಒಬ್ಬಳು ಕರೆಯುತ್ತಾಳೆ, ಒಬ್ಬ ಬರುತ್ತಾನೆ. ಕೊನೆ ಉದ್ದವಾಗಿಲ್ಲ.'

ಇದನ್ನು ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಮುಂದಿನ ಶನಿವಾರ ನಾನೇ ತರುತ್ತೇನೆ. ಮಶೀನು ಇವರು ಹೊರುತ್ತಾರಂತೆ. ಕರೆದಿದ್ದಕ್ಕೆ ಈ ಸಲ ಪಕ್ಕದ ಕೋಣೆಯಿಂದ 'ಬಂದೆ' ಅಂದರು, ಅರ್ಧ ಗಂಟೆ ಬಿಟ್ಟು ಬಂದರು. ನಾನು ನಿಮ್ಮ ಪಕ್ಕದಲ್ಲಿ ಕೂತು ಟೇಪು ಓಡುತ್ತಿರುವ ಹಾಗೆಯೇ ಬರೆಯುತ್ತಾ ಹೋಗುತ್ತೇನೆ. ನೀವು ಮುಳ್ಳು ನೋಡಿ, ನನ್ನ ಕೈ ನೋಡಿ.

ಸೊಸೆ


ಜುಲೈ ೧

ಮಗೂ,

ಬಾ. ಇಬ್ಬರೂ ಬನ್ನಿ. ಊಟದ ಹೊತ್ತಿಗೆ ತಲುಪುವ ಹಾಗೆ ಹೊರಡಿ. ಇನ್ನು ಯಾರಿಗೂ ನಾನು ಬಿಸಿ ಮಾಡಿಕೊಡುವುದಿಲ್ಲ.

ಶನಿವಾರ ತಂಗಿ ಮನೆಯಲ್ಲಿರುವುದಿಲ್ಲ. ಬಾಗಿಲು ಬಡಿದು ಪ್ರಯೋಜನವಿಲ್ಲ, ತೆರೆದೇ ಇಟ್ಟಿರುತ್ತೇನೆ. ಬಾಗಿಲ ಮುಂದಿನ ಮೆಟ್ಟಿಲ ಹತ್ತಿರ ನಿಂತು ಬಂದೆ ಅಂತ ಹೇಳಿ ಒಳಗೆ ಬಾ. ನನಗೆ ಕೇಳಿಸುವುದಿಲ್ಲ. ಆದರೂ ಹೇಳು.

ದೊಡ್ಡತ್ತೆ